ಸಾಹಿತ್ಯದಲ್ಲಿ ತಾರತಮ್ಯ ಎಲ್ಲಿ ಕಾಣುತ್ತದೆ? ಕೊಡಗಿನಿಂದ ಒಂದು ಉತ್ತರ

ನೀವು ಕೇಳಿದ್ದು: ಗಂಡು-ಹೆಣ್ಣಿನ ಭೇದ, ಅಧಿಕಾರ, ಒಂದು ಜನದ ಬಗ್ಗೆ ಇನ್ನೊಂದು ಜನಕ್ಕಿರುವ ಪೂರ್ವಗ್ರಹ, ಇವೆಲ್ಲ ಸಾಹಿತ್ಯದಲ್ಲಿ ಹೇಗೆ ಕಾಣುತ್ತವೆ, ಉದಾಹರಣೆ ಕೊಟ್ಟು ಹೇಳಿ ಅಂತ. ನಾನು ಸೋಮವಾರಪೇಟೆ ಕಡೆಯವಳು, ಕನ್ನಡ ಪಾಠ ಮಾಡಿದವಳು. ಉದಾಹರಣೆಗಳನ್ನೆಲ್ಲ ಕೊಡಗಿನಿಂದಲೇ ಎತ್ತಿಕೊಳ್ಳುತ್ತೇನೆ.

ಹೆಣ್ಣನ್ನು ಹೀಗಳೆದ ಸಾಲು, ಜಾತಿ ಹಿಡಿದು ಹಂಗಿಸಿದ ಸಾಲು ಹುಡುಕುವುದು ಸುಲಭ. ಅದರಿಂದ ಜಾಸ್ತಿ ಏನೂ ಸಿಗುವುದಿಲ್ಲ. ನಾನು ನೋಡುವುದು ಬೇರೆ. ಕತೆ ಹೇಳುತ್ತಿರುವವರು ಯಾರು? ಹೇಳಿಸುತ್ತಿರುವವರು ಯಾರು? ಅದೇ ಊರಲ್ಲಿದ್ದೂ ಕತೆಯೊಳಗೆ ಬಾರದವರು ಯಾರು?

ಮೊದಲು ಅರಸರ ವಿಷಯ. ಕೊಡಗನ್ನು ಆಳಿದ ಹಾಲೇರಿ ಅರಸರ 1633ರಿಂದ 1807ರವರೆಗಿನ ಚರಿತ್ರೆ 'ರಾಜೇಂದ್ರನಾಮೆ'ಯಲ್ಲಿದೆ. ಬರೆಸಿದವನು ಅದೇ ವಂಶದ ಅರಸ ದೊಡ್ಡವೀರರಾಜೇಂದ್ರ. ಅಂದಮೇಲೆ ಅದರಲ್ಲಿ ನಾಯಕ ಯಾರು ಅಂತ ಕೇಳಬೇಕಾ? 1834ರಲ್ಲಿ ಇಂಗ್ಲಿಷರು ಆ ವಂಶದ ಕೊನೆಯ ಅರಸ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತಮ್ಮದು ಮಾಡಿಕೊಂಡರು. ಆಮೇಲೆ ಪಾದ್ರಿ ಮೊಗ್ಲಿಂಗ್ 1855ರಲ್ಲಿ, ಪಾದ್ರಿ ರಿಕ್ಟರ್ 1870ರಲ್ಲಿ ಕೊಡಗಿನ ಬಗ್ಗೆ ಪುಸ್ತಕ ಬರೆದರು. ಇವುಗಳಲ್ಲಿ ಅದೇ ವಂಶ ಕ್ರೌರ್ಯಕ್ಕೆ ಹೆಸರಾಗಿದೆ. ಆ ಕ್ರೌರ್ಯವೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಹಳಬ ಎಷ್ಟು ಕೆಟ್ಟವನೋ ಹೊಸಬರ ಆಳ್ವಿಕೆಗೆ ಅಷ್ಟು ಸಮರ್ಥನೆ ಸಿಗುತ್ತದೆ, ಅಲ್ವಾ? ನಂತರ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿ 1956ರಲ್ಲಿ ಬಂತು. ಹೊರಗಿನವರು ಕೊಡಗನ್ನು ನೋಡುವುದು ಇವತ್ತಿಗೂ ಬಹುಪಾಲು ಆ ಕಾದಂಬರಿಯ ಕಣ್ಣಿನಿಂದಲೇ. ದೊಡ್ಡ ಕೃತಿ, ಅನುಮಾನವಿಲ್ಲ. ಅಲ್ಲಿಯ ರಾಣಿ ಗೌರಮ್ಮ ಎಲ್ಲರಿಗಿಂತ ವಿವೇಕಿ. ಆದರೂ ಆಕೆಯ ಪಾಲಿಗೆ ಬರುವುದು ಬುದ್ಧಿ ಹೇಳುವ, ಸಹಿಸುವ ಕೆಲಸ. ಅಧಿಕಾರ ನಡೆಸುವವರು ಗಂಡಸರೇ.

ಇಲ್ಲಿ ಒಂದು ಹೆಸರು ಸೇರಿಸಬೇಕು. ದೊಡ್ಡವೀರರಾಜೇಂದ್ರನಿಗೆ ಮಗಳು ದೇವಮ್ಮಾಜಿ ಪಟ್ಟಕ್ಕೆ ಬರಬೇಕೆಂಬ ಆಸೆಯಿತ್ತು. 1809ರಲ್ಲಿ ಅವನು ತೀರಿಕೊಂಡ. ಹುಡುಗಿ ಇನ್ನೂ ಚಿಕ್ಕವಳು. 1811ರಲ್ಲಿ ಚಿಕ್ಕಪ್ಪ ಲಿಂಗರಾಜ ತಾನೇ ಗದ್ದುಗೆ ಏರಿದ. ಈ ಹುಡುಗಿಯ ಹೆಸರು ಎಷ್ಟು ಜನ ಕೇಳಿದ್ದೀರಿ?

ಹಾಗಂತ ಹಳೆಯದೆಲ್ಲ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಕಾವೇರಿಯ ಪುರಾಣ ನೋಡಿ. ಮದುವೆಗೆ ಮೊದಲೇ ಕಾವೇರಿ ಅಗಸ್ತ್ಯರಿಗೆ ಷರತ್ತು ಹಾಕುತ್ತಾಳೆ: ನನ್ನನ್ನು ಒಂಟಿ ಬಿಟ್ಟು ಹೋದರೆ ನಾನು ಹೊರಟೆ. ಒಂದು ದಿನ ಅವರು ಆಕೆಯನ್ನು ಕಮಂಡಲದಲ್ಲಿಟ್ಟು, ಶಿಷ್ಯರನ್ನು ಕಾವಲಿಗೆ ಬಿಟ್ಟು, ಕನ್ನಿಕೆ ಹೊಳೆಗೆ ಸ್ನಾನಕ್ಕೆ ಹೋಗುತ್ತಾರೆ. ಕಾವೇರಿ ಹೇಳಿದಂತೆಯೇ ಮಾಡುತ್ತಾಳೆ. ಶಿಷ್ಯರು ಅಡ್ಡ ಬಂದರೆ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೇಳುತ್ತಾಳೆ. ಬಲಮುರಿಯಲ್ಲಿ ಆ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು, ಕೊಡವ ಹೆಂಗಸರು ಇವತ್ತಿಗೂ ಹಾಗೇ ಉಡುತ್ತಾರೆ ಅಂತ ಕತೆ. ಪ್ರತಿ ವರ್ಷ ತುಲಾ ಸಂಕ್ರಮಣದ ಹೊತ್ತಿಗೆ ಇದನ್ನು ಕೇಳುತ್ತೇವೆ. ಹೇಳುವಾಗ ಋಷಿಯ ಮಹಿಮೆಗೆ, ತೀರ್ಥದ ಪುಣ್ಯಕ್ಕೆ ಒತ್ತು ಜಾಸ್ತಿ. ಕೊಟ್ಟ ಮಾತು ಮುರಿದ ಗಂಡನನ್ನು ಬಿಟ್ಟು ಹೆಂಡತಿ ಹೊರಟಳು ಅನ್ನುವ ಭಾಗ ಸುಮ್ನೆ ಹಾಗೇ ಸರಿದುಹೋಗುತ್ತದೆ. ಕತೆಯಲ್ಲಿ ಅದು ಇದೆ. ಹೇಳುವವರು ಅಲ್ಲಿ ನಿಲ್ಲುವುದಿಲ್ಲ, ಅಷ್ಟೇ.

ಜನಪದ ಹಾಡುಗಳಲ್ಲೂ ಹೀಗೇ. ನಡಿಕೇರಿಯಂಡ ಚಿಣ್ಣಪ್ಪ ಕೊಡವ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಅವರು ಆ ಕೆಲಸ ಮಾಡದಿದ್ದರೆ ಎಷ್ಟೋ ಹಾಡು ಹೋಗಿಬಿಡುತ್ತಿತ್ತು. ಮದುವೆಗೆ, ಸಾವಿಗೆ, ಹಬ್ಬಕ್ಕೆ ಎಲ್ಲಕ್ಕೂ ಹಾಡಿದೆ. ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವವರು ನಾಲ್ವರು ಗಂಡಸರು. ಮದುಮಗಳ ಬಗ್ಗೆ ಹಾಡುವಾಗಲೂ ದನಿ ಅವರದೇ.

ನಿಮ್ಮ ಪ್ರಶ್ನೆಗೆ ನನ್ನ ಮಟ್ಟಿಗೆ ಅತಿ ಒಳ್ಳೆ ಉತ್ತರ ಅಂದರೆ ಕತೆಗಾರ್ತಿ ಕೊಡಗಿನ ಗೌರಮ್ಮ. ಮೇಲೆ ಹೇಳಿದ ರಾಣಿ ಬೇರೆ, ಇವರು ಬೇರೆ. ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ಮದುವೆಯಾದ ಮೇಲೆ ಸುಂಟಿಕೊಪ್ಪದ ಹತ್ತಿರ ಗುಂಡುಕುಟ್ಟಿ ತೋಟದಲ್ಲಿದ್ದರು. ಗಂಡ ಅಲ್ಲಿ ಮ್ಯಾನೇಜರ್. ಕತೆಗಳ ಕೆಳಗೆ ಅವರು ಹಾಕುತ್ತಿದ್ದ ಹೆಸರು 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಅಂದರೆ ಗಂಡನ ಹೆಸರಿಗೆ ಮಿಸೆಸ್ ಸೇರಿಸಿದ್ದು. ಬರೆದದ್ದು ಮಾತ್ರ ಬಾಲವಿಧವೆಯರು, ಮರುಮದುವೆ, ನಡತೆ ಕೆಟ್ಟಿತು ಅಂತ ಊರು ದೂರ ಇಟ್ಟ ಹೆಂಗಸರ ಬಗ್ಗೆ.

'ವಾಣಿಯ ಸಮಸ್ಯೆ' ಓದಿ. ಇಂದು ಬಾಲವಿಧವೆ, ಒಂಟಿಯಾಗಿದ್ದಾಳೆ. ನೆರೆಮನೆಗೆ ವಾಣಿ, ಅವಳ ಗಂಡ ಬರುತ್ತಾರೆ. ಸ್ನೇಹ ಬೆಳೆಯುತ್ತದೆ. ಕೊನೆಗೆ ಇಂದು ಊರು ಬಿಟ್ಟು ಹೋಗುತ್ತಾಳೆ. ಯಾಕೆ ಹೋದಳು ಅಂತ ವಾಣಿಗೆ ತಿಳಿಯುವುದಿಲ್ಲ, ಓದುವ ನಮಗೆ ತಿಳಿಯುತ್ತದೆ. ಭಾಷಣ ಇಲ್ಲ, ಬೈಗುಳ ಇಲ್ಲ. ಯಾರೂ ತಪ್ಪು ಮಾಡುವ ಮೊದಲೇ ಜಾಗ ಖಾಲಿ ಮಾಡಬೇಕಾದವಳು ವಿಧವೆ. ಅದನ್ನು ಆಕೆ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗೂ ಇಲ್ಲ. ಇಪ್ಪತ್ತರ ಆಸುಪಾಸಿನ ಲೇಖಕಿ ಇಷ್ಟು ತಗ್ಗಿದ ದನಿಯಲ್ಲಿ ಇಷ್ಟನ್ನು ಹೇಳಿದ್ದು ನನಗೆ ಇವತ್ತಿಗೂ ಆಶ್ಚರ್ಯ.

1939ರ ಏಪ್ರಿಲ್‌ನಲ್ಲಿ ಗೌರಮ್ಮ ಹೊಳೆಯಲ್ಲಿ ಈಜಲು ಹೋಗಿ ಮುಳುಗಿ ತೀರಿಕೊಂಡರು. ವಯಸ್ಸು 27. ಆಮೇಲೆ ಅವರ ಬಗ್ಗೆ ಬಂದ ಲೇಖನಗಳನ್ನು ಒಟ್ಟಿಗೆ ಇಟ್ಟು ನೋಡಿ. ಹೊಳೆಯ ಸಾವು ಇರುತ್ತದೆ. 1934ರಲ್ಲಿ ಗಾಂಧೀಜಿ ಬಂದಾಗ ಉಪವಾಸ ಕೂತು ಮನೆಗೆ ಕರೆಸಿಕೊಂಡದ್ದು, ಒಡವೆ ಬಿಚ್ಚಿ ಕೊಟ್ಟದ್ದು ಇರುತ್ತದೆ. ಕತೆ ಕಟ್ಟುವ ಜಾಣ್ಮೆಗೆ ಒಂದೆರಡು ಪ್ಯಾರಾ. ಗಂಡಸು ಲೇಖಕ ಚಿಕ್ಕ ವಯಸ್ಸಿಗೆ ಸತ್ತರೂ ನಾವು ಅವನ ಶೈಲಿಯ ಮಾತಾಡುತ್ತೇವೆ. ಇವರಿಗೆ ಮರುಕವೇ ಜಾಸ್ತಿ ಸಿಕ್ಕಿತು. ಪೂರ್ವಗ್ರಹ ಓದುವವರಲ್ಲೂ ಇರುತ್ತದೆ ಅನ್ನುವುದು ಇದಕ್ಕೇ.

ಗೌರಮ್ಮನಿಗೂ ಒಂದು ಮಿತಿಯಿತ್ತು. ಹೆಚ್ಚಿನ ಕತೆಗಳು ನಡೆಯುವುದು ಓದುಬರಹ ಬಲ್ಲ ಮೇಲ್ಜಾತಿ ಮನೆಗಳ ಒಳಗೆ. ಅವರಿದ್ದದ್ದು ಕಾಫಿ ತೋಟದಲ್ಲಿ. ತೋಟ ಅಂದಮೇಲೆ ಕೂಲಿಯವರ ಸಾಲುಮನೆ, ಅಂದರೆ ಲೈನ್ ಮನೆ, ಇದ್ದೇ ಇರುತ್ತದೆ, ಹಣ್ಣು ಕೊಯ್ಯುವ ಹೆಂಗಸರು ಇರುತ್ತಾರೆ, ಮೇಸ್ತ್ರಿ, ರೈಟರ್ ಇರುತ್ತಾರೆ. ಅವರು ಕತೆಯ ನಡುಮನೆಗೆ ಬರುವುದು ಅಪರೂಪ. ಇದು ಗೌರಮ್ಮನೊಬ್ಬರ ಕೊರತೆ ಅಲ್ಲ. ಕೊಡಗಿನ ಬರಹ ಅಂದರೆ ಮಂಜು, ಐನ್‌ಮನೆ (ಕೊಡವ ಕುಟುಂಬದ ಹಿರಿಮನೆ), ಕೋವಿ, ಸೈನಿಕ ಅಂತಲೇ ನಡೆದುಬಂದಿದೆ. ಇಲ್ಲಿಯ ಬುಡಕಟ್ಟು ಜನರಾದ ಯರವರು ತಮ್ಮ ತಮ್ಮಲ್ಲಿ ಆಡುವ ರವುಳ ಮಾತಿಗೆ ಅದರಲ್ಲಿ ಜಾಗ ಸಿಕ್ಕಿದ್ದು ಬಹಳ ಕಡಿಮೆ. ಅವರ ಹಾಡು-ಕತೆಗಳನ್ನೂ ಹೆಚ್ಚಾಗಿ ಬೇರೆಯವರೇ ಕೇಳಿ ಬರೆದುಕೊಂಡಿದ್ದಾರೆ. ಹಾಗೆ ಬರೆದುಕೊಳ್ಳುವಾಗ ಏನು ಬಿಟ್ಟರು ಅನ್ನುವುದು ಹಾಡಿದವರಿಗೇ ಗೊತ್ತು.

ಓದಲು ಶುರು ಮಾಡುವುದಾದರೆ ಗೌರಮ್ಮನ 'ಕಂಬನಿ' ಸಂಕಲನ ಹಿಡಿಯಿರಿ. ಕನ್ನಡ ಓದಲು ಬಾರದ ಗೆಳೆಯರಿಗೆ ಹೇಳಬೇಕಿದ್ದರೆ ಮಡಿಕೇರಿಯ ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದ ಇದೆ. 2025ರಲ್ಲಿ ಬಾನು ಮುಷ್ತಾಕ್ ಜೊತೆ ಅಂತರರಾಷ್ಟ್ರೀಯ ಬೂಕರ್ ಪಡೆದವರು ಇವರೇ. 'ಚಿಕವೀರ ರಾಜೇಂದ್ರ'ವನ್ನು ಈಗಾಗಲೇ ಓದಿದ್ದರೆ ರಾಣಿಯ ಭಾಗಗಳನ್ನಷ್ಟೇ ಇನ್ನೊಮ್ಮೆ ಓದಿ. ನಿಮಗೆ ಏನನ್ನಿಸಿತು ಅಂತ ಬರೆಯಿರಿ, ನನಗೂ ಕುತೂಹಲ ಇದೆ.