ಕಾರ್ನ್‌ವಾಲ್‌ನಿಂದ ಕೆಜಿಎಫ್‌ಗೆ ಬಂದವರ ಹಳೇ ವಿಲ್‌ಗಳು ಎಲ್ಲಿ ಸಿಗುತ್ತವೆ?

ನಿಮ್ಮ ಅಜ್ಜಿಯ ತಾತ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ನಿಂದ ಕೆಜಿಎಫ್ ಗಣಿಗೆ ಬಂದವರು, ಅವರ ಹಿಂದಿನ ತಲೆಮಾರು ಗೊತ್ತಾಗೋಕೆ ಅಲ್ಲಿನ ಹಳೇ ವಿಲ್ (ಉಯಿಲು) ಸಿಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹುಡುಕಿ. ನನ್ನ ಹೆಂಡತಿಯ ಮನೆತನಕ್ಕಾಗಿ ನಾನೂ ಇವೇ ದಾಖಲೆಗಳನ್ನು ನೋಡುತ್ತಾ ಬಂದಿದ್ದೇನೆ. ಚರ್ಚಿನ ಪುಸ್ತಕ ಹುಟ್ಟು, ಮದುವೆ, ಸಾವು ಹೇಳಿ ಸುಮ್ಮನಾಗುತ್ತದೆ. ಯಾರು ಯಾರಿಗೆ ಏನಾಗಬೇಕು ಅನ್ನೋದು ವಿಲ್‌ನಲ್ಲೇ ಸಿಗೋದು.

ಮೊದಲು 1858ರ ಜನವರಿ 12 ನೆನಪಿಡಿ. ಅವತ್ತಿನಿಂದ ಇಂಗ್ಲೆಂಡ್, ವೇಲ್ಸ್‌ನ ಪ್ರೊಬೇಟ್, ಅಂದರೆ ವಿಲ್ ಸರಿಯಾಗಿದೆ ಅಂತ ಕೋರ್ಟು ಒಪ್ಪಿ ದಾಖಲಿಸೋ ಕೆಲಸ, ಎಲ್ಲಾ ಸರ್ಕಾರದ ಕೈಗೆ ಬಂತು, ಅದಕ್ಕೂ ಮುಂಚೆ ಅದನ್ನು ನೋಡಿಕೊಳ್ಳುತ್ತಿದ್ದದ್ದು ಚರ್ಚ್ ಕೋರ್ಟ್‌ಗಳು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿ ಹಿಡಿದದ್ದು 1880ರಲ್ಲಿ. ಹಾಗಾಗಿ ನಿಮ್ಮ ತಾತನದ್ದು, ಬಹುಶಃ ಅವರ ತಂದೆಯದ್ದೂ, 1858ರ ಈಚೆಗೇ ಬರುತ್ತದೆ. ಬ್ರಿಟನ್ ಸರ್ಕಾರದ ವೆಬ್‌ಸೈಟ್‌ನಲ್ಲಿ 'ಫೈಂಡ್ ಎ ವಿಲ್' ಅಂತ ಇದೆ, ಅಲ್ಲಿ ಹುಡುಕೋಕೆ ದುಡ್ಡಿಲ್ಲ, ನಕಲು ಬೇಕಾದರೆ ಮಾತ್ರ ಶುಲ್ಕ. ತೀರಿಕೊಂಡ ವರ್ಷದಲ್ಲಿ ಹೆಸರು ಸಿಗದಿದ್ದರೆ ಅಲ್ಲಿಗೇ ಬಿಡಬೇಡಿ, ಮುಂದಿನ ಕೆಲವು ವರ್ಷಗಳನ್ನೂ ನೋಡಿ. ಪ್ರೊಬೇಟ್ ಎಷ್ಟೋ ಸಲ ತಡವಾಗಿ ಆಗುತ್ತಿತ್ತು. ಸಮಾಧಿ ಕೆಜಿಎಫ್‌ನಲ್ಲೇ ಇದ್ದರೂ ಊರಲ್ಲಿ ಮನೆಯೋ ಬ್ಯಾಂಕಿನಲ್ಲಿ ಹಣವೋ ಇದ್ದಿದ್ದರೆ ಹೆಸರು ಅಲ್ಲೂ ಬಂದಿರಬಹುದು. ಭಾರತದಲ್ಲೇ ಪ್ರೊಬೇಟ್ ಆಗಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಬ್ರಿಟಿಷರ ಕಾಲದ ಭಾರತದ ಆಡಳಿತ ಕಚೇರಿ) ದಾಖಲೆಗಳಲ್ಲಿ ಎಲ್/ಎಜಿ/34/29 ಅನ್ನೋ ಸರಣಿ ನೋಡಿ, ಅದರಲ್ಲೂ ಮೊದಲು ಮದ್ರಾಸಿನ ಸಂಪುಟಗಳನ್ನು.

1858ಕ್ಕಿಂತ ಹಿಂದಕ್ಕೆ ಹೋದರೆ ಆ ಮನುಷ್ಯನ ಆಸ್ತಿ ಎಲ್ಲಿತ್ತು ಅನ್ನೋದೇ ಮುಖ್ಯ. ಎಲ್ಲಾ ಕಾರ್ನ್‌ವಾಲ್ ಒಳಗೇ ಇದ್ದರೆ ಸಾಮಾನ್ಯವಾಗಿ ಅಲ್ಲಿನ ಆರ್ಚ್‌ಡೀಕನ್ (ಬಿಷಪ್ಪರ ಕೈಕೆಳಗಿನ ಚರ್ಚ್ ಅಧಿಕಾರಿ) ಕೋರ್ಟು. ಆ ವಿಲ್‌ಗಳು ಈಗ ರೆಡ್ರೂತ್ ಊರಿನ ಕ್ರೆಸೆನ್ ಕೆರ್ನೋ ಅನ್ನೋ ಆರ್ಕೈವ್‌ನಲ್ಲಿವೆ (ಹಳೇ ದಾಖಲೆಗಳ ಸಂಗ್ರಹ). ಪಕ್ಕದ ಡೆವನ್‌ನ ಎಕ್ಸೆಟರ್ ಊರಿನ ಬಿಷಪ್ಪರ ಕೋರ್ಟಿಗೆ ಹೋದವು ಮಾತ್ರ 1942ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಆದರೂ ಒಂದು ದಾರಿ ಉಳಿದಿದೆ: 1812ರಿಂದ 1857ರವರೆಗೆ ತೆರಿಗೆಯವರು ತಮ್ಮ ಲೆಕ್ಕಕ್ಕೆ ತೆಗೆದಿಟ್ಟುಕೊಂಡಿದ್ದ ನಕಲುಗಳನ್ನು ಆಮೇಲೆ ಕಾರ್ನ್‌ವಾಲ್, ಡೆವನ್, ಸಾಮರ್‌ಸೆಟ್‌ನ ಆರ್ಕೈವ್‌ಗಳಿಗೇ ಕೊಟ್ಟರು. ಅದನ್ನು ಕೇಳದೆ ಆಸೆ ಬಿಡಬೇಡಿ.

ಒಂದಕ್ಕಿಂತ ಜಾಸ್ತಿ ಕಡೆ ಆಸ್ತಿ ಇದ್ದವರದ್ದು, ಸ್ವಲ್ಪ ಅನುಕೂಲಸ್ಥರದ್ದು, ಕ್ಯಾಂಟರ್ಬರಿಯ ಪ್ರೆರೊಗೇಟಿವ್ ಕೋರ್ಟಿಗೆ, ಅಂದರೆ ಅಲ್ಲಿನ ಆರ್ಚ್‌ಬಿಷಪ್ಪರ ಮೇಲಿನ ಕೋರ್ಟಿಗೆ, ಹೋಗುತ್ತಿತ್ತು. 1384ರಿಂದ 1858ರವರೆಗಿನ ಆ ವಿಲ್‌ಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಸರಣಿ ಪ್ರಾಬ್ 11, ಮನೆಯಲ್ಲೇ ಕೂತು ಹೆಸರು ಹಾಕಿ ಹುಡುಕಬಹುದು. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ವಿಲ್ ಕೂಡ ಇದೇ ಕೋರ್ಟಿನದ್ದು. 1817ರದ್ದು, ಕೆಲವೇ ಸಾಲು. ಅಣ್ಣ ಹೆನ್ರಿಗೆ 50 ಪೌಂಡ್, ಮದಾಂ ಬಿಜಾನ್ ಅನ್ನೋ ಹೆಂಗಸಿಗೆ 50 ಪೌಂಡ್, ಉಳಿದದ್ದೆಲ್ಲಾ ಅಕ್ಕ ಕಸಾಂಡ್ರಾಗೆ. ಆ ಬಿಜಾನ್ ಹೆನ್ರಿ ಮನೆಯಲ್ಲಿ ಕೆಲಸಕ್ಕಿದ್ದವರು. ಚರ್ಚಿನ ಯಾವ ಪುಸ್ತಕ ನೋಡಿದರೆ ಈ ನಂಟು ತಿಳಿಯುತ್ತಿತ್ತು ಹೇಳಿ? ಅದಕ್ಕೇ ವಿಲ್‌ನಲ್ಲಿ ಬರುವ ಪ್ರತಿಯೊಂದು ಹೆಸರನ್ನೂ ಬರೆದಿಟ್ಟುಕೊಳ್ಳಿ, ಸಾಕ್ಷಿ ಹಾಕಿದವರನ್ನೂ ಬಿಡದೆ. ಕಾರ್ನ್‌ವಾಲ್‌ನಲ್ಲಿ ಒಂದೇ ಹೆಸರಿನವರು ಊರಿಗೆ ನಾಲ್ಕು ಜನ ಇರುತ್ತಾರೆ, ನಿಮ್ಮವರು ಯಾರು ಅಂತ ಬೇರೆ ಮಾಡಿ ತೋರಿಸೋದು ಭಾವಮೈದುನನ ಹೆಸರೋ ಹೊಲದ ಹೆಸರೋ ಆಗಿರುತ್ತದೆ.

ಇನ್ನೊಂದು ವಿಷಯ. 1882ರ ಕಾಯ್ದೆ ಬರೋವರೆಗೂ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ವಿಲ್ ಬರೆಯೋದು ಕಷ್ಟವಿತ್ತು. ಹಾಗಾಗಿ ಅಜ್ಜಿಯರನ್ನು ಅವರ ತಂದೆಯ ವಿಲ್‌ನಲ್ಲಿ, ವಿಧವೆಯಾಗಿದ್ದರೆ ಅವರದ್ದೇ ಹೆಸರಲ್ಲಿ ಹುಡುಕಿ. ವಿಲ್ ಬರೆಯದೆ ಸತ್ತವರಿಗೆ 'ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್' (ಆಸ್ತಿ ನೋಡಿಕೊಳ್ಳೋಕೆ ಹತ್ತಿರದವರಿಗೆ ಕೊಡುವ ಅಧಿಕಾರ ಪತ್ರ) ಕೊಡುತ್ತಿದ್ದರು, ಅದೂ ಅವೇ ಕೋರ್ಟುಗಳ ದಾಖಲೆಗಳಲ್ಲಿ ಸಿಗುತ್ತದೆ. ತಾತ ತೀರಿಕೊಂಡ ವರ್ಷ ಮತ್ತು ಅವರ ಊರಿನ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ) ಹೆಸರು ಗೊತ್ತಿದ್ದರೆ ಇಲ್ಲೇ ಬರೆಯಿರಿ, ಯಾವ ಕೋರ್ಟಿನಿಂದ ಶುರು ಮಾಡಬೇಕು ಅಂತ ನೋಡಿ ಹೇಳುತ್ತೇನೆ.