ನೀರಿನ ಮಾತು: ಟಿಡಿಎಸ್ ಮೀಟರ್‌ಗೆ ಕಾಣದ್ದು

ಪ್ರಶ್ನೆ: ಫಿಲ್ಟರ್ ಮಾರೋಕೆ ಬಂದ ಹುಡುಗ ಟಿಡಿಎಸ್ ಮೀಟರ್ ಅದ್ದಿ, 480 ಇದ್ದಿದ್ದು 60ಕ್ಕೆ ಇಳಿದಿದ್ದು ತೋರಿಸಿ 'ನೋಡಿ ಮೇಡಂ, ಪಿಫಾಸ್ ಪೂರ್ತಿ ಹೋಯ್ತು' ಅಂದ. ನಂಬಬಹುದಾ? ನಾವು ಇಷ್ಟು ದಿನ ಕುದಿಸಿಕೊಂಡೇ ಕುಡೀತಿದ್ದೀವಿ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪಿಫಾಸ್ ಅಂದ್ರೆ ಸುಲಭಕ್ಕೆ ನಾಶವಾಗದ, ಮನುಷ್ಯ ತಯಾರಿಸಿದ ಕೆಮಿಕಲ್‌ಗಳ ಗುಂಪು. ಮೀಟರ್ ಸುಳ್ಳು ಹೇಳಿಲ್ಲ, ಹುಡುಗ ಹೇಳಿದ್ದಕ್ಕೂ ಮೀಟರ್‌ಗೂ ಸಂಬಂಧ ಇಲ್ಲ ಅಷ್ಟೆ. ಅದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ ಉಪ್ಪಿನಂಶ ಅಂದಾಜು ಮಾಡುತ್ತೆ, ಅದೂ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಪಿಫಾಸ್ ಲೆಕ್ಕ ನ್ಯಾನೋಗ್ರಾಂನಲ್ಲಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2024ರಲ್ಲಿ ಪಿಎಫ್ಒಎ, ಪಿಎಫ್ಒಎಸ್ ಅನ್ನೋ ಎರಡು ಪಿಫಾಸ್‌ಗಳಿಗೂ ಕುಡಿಯೋ ನೀರಲ್ಲಿ ಇಟ್ಟ ಮಿತಿ ಲೀಟರಿಗೆ 4 ನ್ಯಾನೋಗ್ರಾಂ, ನಿಮ್ಮ ಮೀಟರ್‌ನಲ್ಲಿ ಒಂದು ಪಾಯಿಂಟ್ ಅಂದ್ರೆ 10 ಲಕ್ಷ ನ್ಯಾನೋಗ್ರಾಂ! ಲಾರಿ ತೂಗೋ ವೇಬ್ರಿಡ್ಜ್ ಮೇಲೆ ಸಾಸಿವೆ ಕಾಳು ಇಟ್ಟು ನೋಡಿದಂಗೆ.

ಕುದಿಸೋದ್ರಿಂದ ರೋಗಾಣು ಸಾಯುತ್ತೆ, ಅದನ್ನ ಬಿಡಬೇಡಿ. ಆದ್ರೆ ಪಿಫಾಸ್‌ನಲ್ಲಿ ಕಾರ್ಬನ್-ಫ್ಲೋರಿನ್ ಹಿಡಿತ ಎಷ್ಟು ಗಟ್ಟಿ ಅಂದ್ರೆ ಒಲೆ ಬಿಸಿಗೆ ಏನೂ ಆಗಲ್ಲ, ನೀರು ಆವಿಯಾಗಿ ಉಳಿದದ್ರಲ್ಲಿ ಸ್ವಲ್ಪ ಜಾಸ್ತೀನೇ ಆಗುತ್ತೆ. ಮೈಕ್ರೋಪ್ಲಾಸ್ಟಿಕ್ (ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಚೂರು) ಕಥೆ ಬೇರೆ, ಗಡಸು ನೀರು ಕುದಿಸಿದಾಗ ಪಾತ್ರೆ ತಳದಲ್ಲಿ ಕೂರೋ ಬಿಳಿ ಸುಣ್ಣ ಅದರಲ್ಲಿ ಬಹಳಷ್ಟನ್ನ ಹಿಡ್ಕೊಳ್ಳುತ್ತೆ, ಶೋಧಿಸಿ ಕುಡಿದ್ರೆ ಲಾಭ. ಬೋರ್‌ವೆಲ್ ನೀರನ್ನ ಬೈಯೋರು ಇದೊಂದಕ್ಕಾದ್ರೂ ಥ್ಯಾಂಕ್ಸ್ ಹೇಳಬೇಕು.

ಹಾಗಾದ್ರೆ ಯಾವ ಫಿಲ್ಟರ್ ಅಂತೀರಾ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕೇಪ್ ಫಿಯರ್ ನದಿಗೆ ಫ್ಯಾಕ್ಟರಿಯ ಪಿಫಾಸ್ ಸೇರಿದ್ದು 2017ರಲ್ಲಿ ಸುದ್ದಿಯಾಗಿ ಜನ ಬೆಚ್ಚಿಬಿದ್ರು, ಆಮೇಲೆ ಅಲ್ಲಿನ ಮನೆಗಳ ಫಿಲ್ಟರ್‌ಗಳನ್ನ ಡ್ಯೂಕ್ ಯೂನಿವರ್ಸಿಟಿಯವರು ಪರೀಕ್ಷೆ ಮಾಡಿದ್ರು, 2020ರಲ್ಲಿ ಫಲಿತಾಂಶ ಬಂತು. ಆರ್‌ಒ (ನೀರನ್ನ ಒತ್ತಡದಲ್ಲಿ ಸೂಕ್ಷ್ಮ ಪೊರೆ ದಾಟಿಸೋ ಫಿಲ್ಟರ್) 94% ಅಥವಾ ಅದಕ್ಕಿಂತ ಜಾಸ್ತಿ ತೆಗೀತಿತ್ತು. ಬರೀ ಕಾರ್ಬನ್ ಫಿಲ್ಟರ್ ಸರಾಸರಿ 73%, ಆದ್ರೆ ಒಂದೊಂದು ಮನೇಲಿ ಒಂದೊಂದು ಥರ, ಇಡೀ ಮನೆಗೆ ಕೂರಿಸಿದ ಕೆಲವು ಫಿಲ್ಟರ್‌ಗಳಿಂದ ಹೊರಗೆ ಬಂದ ನೀರಲ್ಲಿ ಒಳಗೆ ಹೋದದ್ದಕ್ಕಿಂತ ಜಾಸ್ತಿ ಪಿಫಾಸ್ ಇತ್ತು. ಕಾರ್ಬನ್ ಸ್ಪಾಂಜ್ ಇದ್ದಂಗೆ, ತುಂಬಿದ ಮೇಲೆ ಹಿಡಿದದ್ದನ್ನೇ ವಾಪಸ್ ಬಿಡುತ್ತೆ. ಯುವಿ ಲೈಟ್ ರೋಗಾಣುಗೆ ಮಾತ್ರ.

ಆ ಹುಡುಗನ ಹತ್ರ ಎನ್‌ಎಸ್‌ಎಫ್ 58 ಸರ್ಟಿಫಿಕೇಟ್ (ಆರ್‌ಒ ಫಿಲ್ಟರ್‌ಗಳ ಗುಣಮಟ್ಟಕ್ಕೆ ಕೊಡೋದು) ಕೇಳಿ, ಅದರಲ್ಲೂ ಪಿಫಾಸ್ ಹೆಸರು ಬರೆದಿದ್ಯಾ ನೋಡಿ. ಇಲ್ಲ ಅಂದ್ರೆ ಟೀ ಕೊಟ್ಟು ಕಳ್ಸಿ. ಮತ್ತೆ ಆರ್‌ಒ ಪಿಫಾಸ್‌ನ ಸುಟ್ಟು ಹಾಕಲ್ಲ, ವೇಸ್ಟ್ ಪೈಪ್ ಮೂಲಕ ಚರಂಡಿಗೆ ಕಳ್ಸುತ್ತೆ.

ಪ್ರಶ್ನೆ: ಅವಧಿ ಮುಗಿದ ಮಾತ್ರೆಗಳನ್ನ ಟಾಯ್ಲೆಟ್‌ಗೆ ಹಾಕಿ ಫ್ಲಷ್ ಮಾಡ್ತಿದ್ದೀನಿ, ತಪ್ಪಾ?
– ಓದುಗರೊಬ್ಬರು, ಮೈಸೂರು

ಉತ್ತರ: ಮಾಡಬೇಡಿ. (ಮಾರ್ಫಿನ್ ಥರದ ಮಾತ್ರೆಗಳಿಗೆ ರೂಲ್ ಬೇರೆ, ಡಾಕ್ಟರ್‌ನ ಕೇಳಿ.) ಚರಂಡಿ ನೀರು ಶುದ್ಧ ಮಾಡೋ ಘಟಕದ (ಎಸ್‌ಟಿಪಿ) ಬ್ಯಾಕ್ಟೀರಿಯಾ ಎಲ್ಲಾ ಔಷಧಿನೂ ತಿನ್ನಲ್ಲ, ಫಿಟ್ಸ್‌ಗೆ ಕೊಡೋ ಕಾರ್ಬಮಜೆಪಿನ್ ಹೆಚ್ಚೂಕಮ್ಮಿ ಹಾಗೇ ದಾಟಿ ಹೋಗುತ್ತೆ. ಸ್ವಿಟ್ಜರ್ಲೆಂಡ್‌ನವರು ಇದಕ್ಕೇ 2016ರಲ್ಲಿ ಕಾನೂನು ತಂದು ದೊಡ್ಡ ಎಸ್‌ಟಿಪಿಗಳಿಗೆ ಓಝೋನ್, ಕಾರ್ಬನ್ ಸೇರಿಸ್ತಿದ್ದಾರೆ. ಹಾಗಂತ ನೀವು ಫ್ಲಷ್ ನಿಲ್ಲಿಸಿದ ತಕ್ಷಣ ಕೆರೆ ಕ್ಲೀನ್ ಆಗಲ್ಲ, ನಾವು ನುಂಗಿದ ಮಾತ್ರೆನೂ ಒಂದಷ್ಟು ಮೂತ್ರದಲ್ಲಿ ಅಲ್ಲಿಗೇ ಹೋಗುತ್ತೆ.