ಮುದುಕಿ ಬದುಕಿದಳು, ಆಮೇಲೆ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಯಾಕಂದ್ರೆ ಮೊದಲ ಸಲ ಸ್ವಲ್ಪ ಸಿಟ್ಟು ಬಂದಿತ್ತು.

ಬಂಗಾಳಿ ಲೇಖಕ ತಾರಾಶಂಕರ ಬಂದ್ಯೋಪಾಧ್ಯಾಯರ ‘ಆರೋಗ್ಯ ನಿಕೇತನ’ ಪದರ ಪದರವಾಗಿ ಬಿಚ್ಚಿಕೊಳ್ಳುವ ಕಾದಂಬರಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ನೀವು ಕೇಳಿದ್ದೀರಿ: “ಎಲ್ಲಿದೆ ಸ್ವಾಮಿ ಪದರ? ಹಳೇ ನಾಡಿ ವೈದ್ಯ ಒಳ್ಳೆಯವನು, ಹೊಸ ಡಾಕ್ಟರಿಗೆ ಜಂಬ, ಇಷ್ಟೇ ತಾನೆ? ನಾನು ಇಪ್ಪತ್ತು ವರ್ಷ ನರ್ಸ್ ಆಗಿ ದುಡಿದವಳು. ರೋಗಿಗೆ ‘ನೀನು ಸಾಯ್ತೀಯ’ ಅನ್ನುವವನನ್ನು ದೊಡ್ಡ ಮನುಷ್ಯ ಮಾಡುವ ಪುಸ್ತಕ ನನಗೆ ಬೇಡ.”

ಮೊದಲಿಗೆ ಒಂದು ತಪ್ಪೊಪ್ಪಿಗೆ. ‘ಪದರ’ ಅನ್ನೋದು ನಮ್ಮಂಥವರು ಬೇರೆ ಮಾತು ಹೊಳೆಯದಾಗ ಬಳಸುವ ಪದ. ಅದನ್ನು ಬಿಟ್ಟು, ಕತೆಯಲ್ಲಿ ಏನಾಗುತ್ತದೆ ಅಂತ ಮಾತ್ರ ನೋಡೋಣ.

ಶುರುವಿನಲ್ಲೇ ಆ ಹಳೇ ನಾಡಿ ವೈದ್ಯ, ಜೀವನ್ ಮಶಾಯ್, ಏನು ಮಾಡುತ್ತಾನೆ? ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡ ಒಬ್ಬ ಮುದುಕಿಯ ನಾಡಿ ಹಿಡಿದು, ಇನ್ನು ಉಳಿಯುವುದಿಲ್ಲ, ಗಂಗೆಯ ದಡಕ್ಕೆ ಹೊರಡಲಿ ಅನ್ನುತ್ತಾನೆ. ಆಸ್ಪತ್ರೆಯ ಪ್ರದ್ಯೋತ್ ಡಾಕ್ಟರಿಗೆ ಇದು ಕೇಳಿ ಮೈ ಉರಿಯುತ್ತದೆ. ನಿಮಗೆ ಉರಿದ ಹಾಗೇ. ಅವನು ಚಿಕಿತ್ಸೆ ಕೊಡುತ್ತಾನೆ, ಮುದುಕಿ ಬದುಕುತ್ತಾಳೆ. ಹಳೇ ವೈದ್ಯನನ್ನು ಹೊಗಳಲು ಹೊರಟ ಲೇಖಕ ಅವನ ಮಾತನ್ನೇ ಹೀಗೆ ಸುಳ್ಳು ಮಾಡಿ ತೋರಿಸುತ್ತಾನಾ? ಪುಸ್ತಕ ಬಂದಿದ್ದು 1953ರಲ್ಲಿ. ಪೆನಿಸಿಲಿನ್ ಆಗಲೇ ಬಂದಿತ್ತು, ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ 1943ರಲ್ಲೇ ಸಿಕ್ಕಿತ್ತು. ತಲೆತಲಾಂತರದಿಂದ ‘ಇದು ಬಂದರೆ ಮುಗೀತು’ ಅನ್ನಿಸಿಕೊಂಡಿದ್ದ ರೋಗಗಳಿಂದ ಜನ ಎದ್ದು ಕೂರುತ್ತಿದ್ದ ಕಾಲ ಅದು. ಮೂರು ಬೆರಳಿಟ್ಟು ವಾತ, ಪಿತ್ತ, ಕಫ ಅಳೆಯುವ ಮುದುಕನ ಲೆಕ್ಕ ತಪ್ಪಲೇಬೇಕಿತ್ತು, ತಪ್ಪುತ್ತದೆ. ಔಷಧಿಗಳ ಜಗಳದಲ್ಲಿ ಗೆದ್ದವನು ಪ್ರದ್ಯೋತನೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಎಲ್ಲರೂ ಬದುಕುವುದಿಲ್ಲ. ಹೊಸ ಔಷಧಿ ಇದ್ದರೂ ಕೆಲವರು ಹೋಗುತ್ತಾರೆ, ಆಗ ಮುದುಕನ ಮಾತು ನಿಜವಾಗುತ್ತದೆ. ಹೇಳಿದ್ದು ನಿಜವೋ ಸುಳ್ಳೋ ಅನ್ನುವುದು ಹಿಂದೆ ಸರಿದು, ಅದನ್ನು ಯಾರು, ಯಾರಿಗೆ, ಯಾವಾಗ ಹೇಳಬೇಕು ಅನ್ನುವುದು ಮುಂದೆ ಬರುತ್ತದೆ. “ಅವರಿಗೆ ಮಾತ್ರ ಹೇಳಬೇಡಿ ಸಿಸ್ಟರ್” ಅಂತ ಮನೆಯವರು ಬಾಗಿಲ ಹೊರಗೆ ಪಿಸುಗುಟ್ಟಿದ್ದನ್ನು ನೀವು ಎಷ್ಟು ಸಲ ಕೇಳಿಲ್ಲ! ಪ್ರದ್ಯೋತ ಆ ಪಿಸುಮಾತಿನ ಕಡೆ, ಮಶಾಯ್ ಅದರ ವಿರುದ್ಧ. ನನ್ನ ಮನಸ್ಸು ಇವತ್ತಿಗೂ ಎರಡೂ ಕಡೆ ಓಡಾಡುತ್ತದೆ.

ಹೆಸರನ್ನೇ ನೋಡಿ. ‘ಆರೋಗ್ಯ ನಿಕೇತನ’ ಅಂದರೆ ಮಶಾಯ್ ಮನೆತನದ ಚಿಕಿತ್ಸಾಲಯ. ಕತೆ ಶುರುವಾಗುವ ಹೊತ್ತಿಗೆ ಅದೇ ಕುಸಿಯುತ್ತಿದೆ, ಅಂದರೆ ಮೊದಲ ರೋಗಿ ಆ ಕಟ್ಟಡವೇ. ಅದರ ಗೋಡೆಯ ಮೇಲೆ ‘ಲಾಭಾನಾಂ ಶ್ರೇಯ ಆರೋಗ್ಯಮ್’ ಎಂದು ಬರೆದಿದೆ. ಯಕ್ಷ ಪ್ರಶ್ನೆಯಲ್ಲಿ ಧರ್ಮರಾಯ ಕೊಡುವ ಉತ್ತರ: ಲಾಭಗಳಲ್ಲೆಲ್ಲ ದೊಡ್ಡದು ಆರೋಗ್ಯ. ಪಕ್ಕದಲ್ಲೇ ಅದೇ ಮಹಾಭಾರತದ ಇನ್ನೊಂದು ಕತೆಯೂ ಹರಿಯುತ್ತಿದೆ. ಬ್ರಹ್ಮ ಮೃತ್ಯುವನ್ನು ಹೆಣ್ಣಾಗಿ ಹುಟ್ಟಿಸುತ್ತಾನೆ. ಕೊಲ್ಲುವ ಕೆಲಸ ನನಗೆ ಬೇಡ ಅಂತ ಅವಳು ಅಳುತ್ತಾಳೆ, ಆ ಕಣ್ಣೀರೇ ರೋಗಗಳಾಗುತ್ತವೆ. ತಾರಾಶಂಕರರ ಮೃತ್ಯು ಕುರುಡಿ, ಕಿವುಡಿ. ರೋಗಗಳೇ ಮಕ್ಕಳ ಹಾಗೆ ಅವಳ ಕೈ ಹಿಡಿದು ನಡೆಸುತ್ತವೆ. ಗೋಳು ಅವಳಿಗೆ ಕೇಳಿಸುವುದಿಲ್ಲ, ಯಾರ ಮನೆ ಅಂತ ಕಾಣಿಸುವುದಿಲ್ಲ. ರಾತ್ರಿ ಪಾಳಿ ಮಾಡಿದವರಿಗೆ ಇದನ್ನು ನಾನು ವಿವರಿಸಬೇಕಾ?

ಇನ್ನು ‘ದೊಡ್ಡ ಮನುಷ್ಯ’ ಅಂದಿರಿ. ಅಲ್ಲ. ನಾಡಿ ನೋಡಿ ಸಾವಿನ ದಿನ ಹೇಳುವುದರಲ್ಲಿ ಅವನಿಗೆ ಸಣ್ಣ ಹೆಮ್ಮೆ ಇದೆ, ಮತ್ತು ಅದು ಅವನಿಗೂ ಗೊತ್ತು. ಹರೆಯದಲ್ಲಿ ಬಯಸಿದ ಹುಡುಗಿ ಕೈತಪ್ಪಿದ ಗಾಯ ಮುದಿತನದವರೆಗೂ ಮಾಗಿಲ್ಲ. ಊರಿನ ರೋಗವೆಲ್ಲ ಓದಬಲ್ಲವನು ಇದೊಂದಕ್ಕೆ ಮದ್ದು ಮಾಡಿಕೊಳ್ಳಲಿಲ್ಲ. ಕೊನೆಗೆ ತನ್ನ ನಾಡಿಯನ್ನೇ ತಾನು ಹಿಡಿದು, ಬರುತ್ತಿರುವ ಮೃತ್ಯುವನ್ನು ಗುರುತಿಸಲು ನೋಡುತ್ತಾನೆ. ಅದು ಧೈರ್ಯವೋ, ಹಳೇ ಹೆಮ್ಮೆಯ ಕೊನೆಯ ಚಟವೋ? ನನಗೆ ಎರಡನೆಯದೇ ಜಾಸ್ತಿ ಅನ್ನಿಸುತ್ತದೆ, ನಮ್ಮ ಕಚೇರಿಯಲ್ಲಿ ಯಾರೂ ಒಪ್ಪಲ್ಲ.

ಒಂದು ಕಡೆ ಮಾತ್ರ ನೀವು ಅವಸರ ಮಾಡಿದಿರಿ. ಅವನ ಹೆಂಡತಿ ಅತರ್ ಬೌ ಬಗ್ಗೆ ಒಂದೇ ಸಾಲು ಬರೆದಿದ್ದೀರಿ: “ಸುಮ್ನೆ ಜಗಳಗಂಟಿ.” ಸ್ವಂತ ಮಗನ ನಾಡಿ ಹಿಡಿದ ಮಶಾಯ್, ಇವನು ಉಳಿಯುವುದಿಲ್ಲ ಅಂತ ಹೇಳಿದ್ದು ಯಾರಿಗೆ? ಆ ಹೆಂಗಸಿಗೆ. ಅವನ ಲೆಕ್ಕ ಆ ಸಲ ತಪ್ಪಲಿಲ್ಲ. ಆಮೇಲೆ ಅದೇ ಮನೆಯಲ್ಲಿ, ಅದೇ ಗಂಡನಿಗೆ ದಿನವೂ ಅನ್ನ ಬಡಿಸುತ್ತಾ ಅವಳು ಬದುಕಬೇಕಿತ್ತು. ರೋಗಿಗೆ ‘ನೀನು ಸಾಯ್ತೀಯ’ ಅನ್ನುವವನ ಮೇಲೆ ನಿಮಗಿರುವ ಸಿಟ್ಟನ್ನು ಕಾದಂಬರಿಯಲ್ಲಿ ಹೊತ್ತು ತಿರುಗುವವಳು ಅವಳೇ ಅಲ್ವಾ? ಆ ಪುಟಗಳನ್ನು ಇನ್ನೊಮ್ಮೆ ಓದಿ, ಆಮೇಲೆ ಬೈದು ಬರೆಯಿರಿ. ಆ ಪತ್ರವನ್ನೂ ಪೂರ್ತಿ ಹಾಕುತ್ತೇವೆ.